ಪ್ರಶ್ನೆ ಯಾರದು, ಉತ್ತರ ಯಾರದು?

ಇಂಜಿನಿಯರಿಂಗ್ ಶಿಕ್ಷಣದಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಎಂಬುದು ಅನೇಕ ಕಡೆ ಬಹುಕಾಲ ಬರಿಯ ವಿಧಿಯಾಗಿ ಉಳಿದಿತ್ತು. ಹಿಂದಿನ ವರ್ಷದವರ ವರದಿಯನ್ನು ಅಲ್ಪಸ್ವಲ್ಪ ತಿದ್ದಿ, ರಟ್ಟು ಹಾಕಿಸಿ ಒಪ್ಪಿಸಿದರೆ ಸಾಕಾಗುತ್ತಿತ್ತು. ಈಗ ಪ್ರಶ್ನೆಯನ್ನು ಪ್ರಾಧ್ಯಾಪಕರಷ್ಟೇ ಅಲ್ಲ, ಕಂಪನಿಗಳೂ ಒಡ್ಡುತ್ತಿವೆ. ಇದು ಸ್ವಾಗತಾರ್ಹ ಬದಲಾವಣೆ. ಆದರೆ ವಿಚಾರಿಸಿ ಸ್ವಾಗತಿಸಬೇಕಾದದ್ದು.

ನಮ್ಮ ಸಮೀಪದ ನಿದರ್ಶನ ಹುಬ್ಬಳ್ಳಿಯದು. 1916ರಲ್ಲಿ ಬೆಳಗಾವಿಯ ಸಪ್ತರ್ಷಿಗಳೆಂದು ಹೆಸರಾದ ಏಳು ಮಂದಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 1947ರಲ್ಲಿ ಅಲ್ಲಿ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನು ಆರಂಭಿಸಿತು. ಅದೇ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಸ್ಯಾಮ್‌ಸಂಗ್‌ನ ಬೆಂಗಳೂರು ಸಂಶೋಧನಾ ಕೇಂದ್ರವು 2021ರಲ್ಲಿ ಅಲ್ಲೊಂದು ಪ್ರಯೋಗಾಲಯ ತೆರೆಯಿತು. ಮೊಬೈಲ್ ಕ್ಯಾಮೆರಾ, ಧ್ವನಿ ಮತ್ತು ಬರಹದ ಗುರುತಿಸುವಿಕೆ ಮೊದಲಾದ ವಿಷಯಗಳಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಕಂಪನಿಯ ಇಂಜಿನಿಯರರೊಡನೆ ಕೆಲಸ ಮಾಡಬೇಕೆಂಬುದು ಅದರ ಉದ್ದೇಶ.

ಪಠ್ಯಪುಸ್ತಕದ ಲೆಕ್ಕದಲ್ಲಿ ಬೇಕಾದ ಅಂಶಗಳೆಲ್ಲ ಮೊದಲೇ ಕೊಟ್ಟಿರುತ್ತವೆ. ಉದ್ಯಮದ ಲೆಕ್ಕ ಹಾಗಲ್ಲ. ಮಾತನ್ನು ಗುರುತಿಸುವ ತಂತ್ರಾಂಶವೊಂದನ್ನು ರೂಪಿಸಬೇಕೆನ್ನೋಣ. ಧಾರವಾಡದವರ ಕನ್ನಡ ಬೇರೆ, ಮೈಸೂರಿನವರ ಕನ್ನಡ ಬೇರೆ; ಎರಡರ ಮಾದರಿಗಳನ್ನೂ ಜನರ ಬಳಿಗೆ ಹೋಗಿ ಸಂಗ್ರಹಿಸಬೇಕು. ನಿಖರತೆ ಹೆಚ್ಚಿಸಹೊರಟರೆ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕೆಂಬ ವಿವೇಕ ತಿಂಗಳುಗಟ್ಟಲೆ ಕೆಲಸದಿಂದಲೇ ಬರತಕ್ಕದ್ದು. 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನ ತಂತ್ರಾಂಶ ವಿಭಾಗದಲ್ಲಿ 36 ಗಂಟೆಗಳ ಅಂತಿಮ ಸುತ್ತು ನಡೆಯುತ್ತದೆ. ಹುರುಪು ತುಂಬಲು ಅದು ಒಳ್ಳೆಯದೇ. ವಿವೇಕ ಮಾಗಲು ಅಷ್ಟು ಹೊತ್ತು ಸಾಲದೆಂಬುದು ನನ್ನ ಅಭಿಪ್ರಾಯ.

ಇನ್ನು ಉತ್ತರದ ಒಡೆತನದ ಮಾತು. ಮಠಕ್ಕೆ ಬರುವ ಪಾಲಕರು ಕಾಲೇಜುಗಳ ಬಗ್ಗೆ ಕೇಳುವಾಗ ಮೊದಲು ವಿಚಾರಿಸುವುದು ಪ್ಲೇಸ್‌ಮೆಂಟ್ ಎಷ್ಟಾಗುತ್ತದೆ ಎಂಬುದನ್ನು. ಮಗನೋ ಮಗಳೋ ಸಹಿ ಹಾಕುವ ಒಪ್ಪಂದದಲ್ಲಿ ಏನಿದೆಯೆಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. 1970ರ ಪೇಟೆಂಟ್ ಕಾಯಿದೆಯ ಪ್ರಕಾರ ಅರ್ಜಿ ಸಲ್ಲಿಸುವ ಹಕ್ಕು ಮೊದಲಿಗೆ ನಿಜವಾದ ಆವಿಷ್ಕಾರಕನದು. ಅವನು ಬರೆದುಕೊಟ್ಟರೆ ಮಾತ್ರ ಇನ್ನೊಬ್ಬರದು. ಪೇಟೆಂಟಿನ ಅವಧಿ 20 ವರ್ಷ. ಹಕ್ಕನ್ನು ಬಿಟ್ಟುಕೊಡುವುದು ತಪ್ಪೇನಲ್ಲ, ಪ್ರಶ್ನೆಯನ್ನೂ ಸಲಕರಣೆಯನ್ನೂ ಕೊಟ್ಟವರಿಗೆ ಅವರದೇ ನ್ಯಾಯವಿದೆ. ತಿಳಿಯದೆ ಬಿಟ್ಟುಕೊಡುವುದು ತಪ್ಪು. 2021ರ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ. 80ರಷ್ಟು ಕಡಿತ ದೊರೆತಿರುವುದರಿಂದ, ಕಾಲೇಜುಗಳು ಸ್ವಂತ ಹೆಸರಿನಲ್ಲಿ ಅರ್ಜಿ ಸಲ್ಲಿಸುವುದಕ್ಕೆ ವೆಚ್ಚದ ನೆಪ ಹೇಳುವಂತಿಲ್ಲ.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆಯಿದೆ. ಕಂಪನಿಯುಳ್ಳವರ ಪ್ರಶ್ನೆ ಕಾಲೇಜಿನ ಬಾಗಿಲಿಗೆ ತಾನಾಗಿ ಬರುತ್ತದೆ. ಬ್ಯಾಡಗಿ ಸೀಮೆಯ ರೈತ ಕಣದಲ್ಲಿ ಹರವಿದ ಮೆಣಸಿನಕಾಯಿ ಅಕಾಲಿಕ ಮಳೆಗೆ ನೆನೆದರೆ ಬಣ್ಣಗೆಡುತ್ತದೆ, ಬೆಲೆ ಕುಸಿಯುತ್ತದೆ. ಇಳಕಲ್ಲಿನ ನೇಕಾರರು ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಒಂದೊಂದಾಗಿ ಕೈಯಿಂದಲೇ ಜೋಡಿಸುತ್ತಾರೆ. ಇವೂ ವಿನ್ಯಾಸದ ಸವಾಲುಗಳೇ. ಇವನ್ನು ಬರೆದು ಕಳಿಸುವ ಕಚೇರಿ ಮಾತ್ರ ಇವರಿಗಿಲ್ಲ. ನಮ್ಮ ಸಮಾಜದ ಸಂಸ್ಥೆಗಳು ನಡೆಸುವ ಕಾಲೇಜುಗಳಲ್ಲಿ ಪ್ರತಿವರ್ಷದ ಪ್ರಾಜೆಕ್ಟುಗಳ ಒಂದು ಪಾಲನ್ನು ಇಂಥವರಿಗೆ ಮೀಸಲಿಡಬಹುದು. ವಿಷಯಗಳ ಆಯ್ಕೆ ನಡೆಯುವ ಮುನ್ನ ಆ ರೈತರನ್ನೂ ನೇಕಾರರನ್ನೂ ಒಂದು ದಿನ ಕಾಲೇಜಿಗೆ ಕರೆಸಿ, ವಿದ್ಯಾರ್ಥಿಗಳ ಎದುರು ಕೂರಿಸುವುದು ಆಡಳಿತ ಮಂಡಳಿಗಳಿಗೆ ಅಸಾಧ್ಯವಾದ ಕೆಲಸವಲ್ಲ.