ಕೀಲಿ ಹಾಕಿದ ಮನಿ

ಮಾಳಮಡ್ಡಿಯ ನಮ್ಮ ಓಣ್ಯಾಗ ಸಂಜೀಕೆ ದೀಪ ಹತ್ತದ ಮನಿ ಈಗ ನಾಕಾದ್ವು. ಮಕ್ಕಳು ಪುಣೆ, ಬೆಂಗಳೂರು, ಅಮೆರಿಕಾ. ಅಪ್ಪ-ಅವ್ವ ಹೋದಮ್ಯಾಲೆ ಕೀಲಿ ಬಿತ್ತು. ಬಾಜೂಮನಿಯ ತೆರೆದ ಟಾಕ್ಯಾಗ ಮಳಿನೀರು ನಿಂತು ಸೊಳ್ಳಿ ಆದ್ವು. ಡೆಂಗ್ಯೂ ಬಂದದ್ದು ನಮ್ಮ ಮೊಮ್ಮಗಳಿಗೆ. 2011ರ ಜನಗಣತಿಯೊಳಗ ದೇಶದ ಪಟ್ಟಣಗಳಲ್ಲಿ ಖಾಲಿ ಮನಿ ಒಂದು ಕೋಟಿ ಮ್ಯಾಲೆ ಇದ್ದುವಂತ! ಇತ್ತ ಓದಲಿಕ್ಕೆ ಬಂದ ಹುಡುಗ್ಯಾರು ಒಂದs ಖೋಲ್ಯಾಗ ಮೂರು ಮಂದಿ.

‘ಬಾಡಿಗಿ ಕೊಟ್ರ ಬಿಡಂಗಿಲ್ಲರೀ’ ಅಂತಾರ ಮಾಲಕರು. ಅಂಜಿಕಿ ಸುಳ್ಳಲ್ಲ, ನಾನೂ ಅಂಜಿದ್ದೆ. ಕಡೀಕೆ 11 ತಿಂಗಳ ಕರಾರು ಬರಿಸಿ ನಮ್ಮತ್ತಿ ಮನಿ ಇಬ್ಬರು ಟೀಚರಿಗೆ ಕೊಟ್ಟೆ. ಈಗ ಅಲ್ಲಿ ಒಗ್ಗರಣಿ ವಾಸನಿ ಬರ್ತದ. ಬಾಡಿಗಿ ಕೊಡಲಿಕ್ಕೆ ಮನಸಿಲ್ಲಾಂದ್ರ ಕೀಲಿನರ ಬಾಜೂದವ್ರ ಕೈಯಾಗ ಕೊಡ್ರೀ ಅಕ್ಕಾರ, ಟಾಕಿ ನೀರು ನಾವs ಚೆಲ್ಲಿ ಬರ್ತೇವಿ.