ದೆವ್ವದ ಪುಸ್ತಕ ಕಸಿದುಕೊಳ್ಳುವ ಮುನ್ನ



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದು ಧರ್ಮೋಪದೇಶದ ತರಗತಿ ಶುರುವಾಗುವ ಹೊತ್ತಿಗೆ ಒಂದು ಸಣ್ಣ ಗಲಾಟೆ ಆಯಿತು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳ ಚೀಲದಿಂದ ಇಂಗ್ಲಿಷ್ ಕಾದಂಬರಿಯೊಂದು ಜಾರಿ ನೆಲಕ್ಕೆ ಬಿತ್ತು. 'ದಿ ಸ್ಕ್ರೀಮಿಂಗ್ ಸ್ಟೇರ್‌ಕೇಸ್', ಅಂದರೆ ಕಿರುಚುವ ಮೆಟ್ಟಿಲು. ಒಳಗೇನಿದೆ ಎಂದು ಯಾರೂ ತೆರೆದು ನೋಡಲಿಲ್ಲ, ಹೆಸರೇ ಸಾಕಾಯಿತು. "ಜಪಮಾಲಿ ಇಡೂ ಚೀಲದಾಗ ದೆವ್ವಾ ಇಟಗೊಂಡ ಬಂದೀಯಲ್ಲ!" ಎಂದು ಹಿರಿಯ ಅಜ್ಜಿಯೊಬ್ಬರು ಬೈದರು. ಹುಡುಗಿ ಅಳಲಿಲ್ಲ. "ಅಜ್ಜಿ, ಇದು ದೆವ್ವಾ ಹಿಡಿಯೂ ಹುಡುಗರ ಕಥಿರೀ, ದೆವ್ವಾ ಮಾಡೂ ಕಥಿ ಅಲ್ಲ" ಅಂದಳು. ಅಜ್ಜಿಗೆ ಅದೂ ಸಮಾಧಾನ ಕೊಡಲಿಲ್ಲ.

ಆ ಪುಸ್ತಕ ಅವಳಿಗೆ ಕೊಟ್ಟವರು ನಾವೇ. ಯುವಸಂಘದ ಕಪಾಟಿನಲ್ಲಿ ಅಂಥವು ಹನ್ನೆರಡು ಹದಿಮೂರು ಇವೆ. ಪುಣೆ ಬೆಂಗಳೂರಿನಲ್ಲಿ ಓದುವವರು ರಜೆಗೆ ಬರುವಾಗ ತಂದುಕೊಟ್ಟವು, ಒಂದೆರಡು ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕವು. ಓದಿದವರು ಅರ್ಧ ಪುಟ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಬೇಕೆಂದು ನಿಯಮ ಮಾಡಿಕೊಂಡಿದ್ದೆವು. ಈಗ ಕಪಾಟಿಗೆ ಬೀಗ ಹಾಕಬೇಕು, ಹೋಗಲಿ, ಬೋರ್ಡಿನ ಮೇಲಿನ ಚೀಟಿಗಳನ್ನಾದರೂ ತೆಗೆಯಬೇಕು ಎಂಬ ಮಾತು ಬಂದಿದೆ. ಫಾದರ್ ಎರಡೂ ಕಡೆ ಕೇಳಿ ಹೇಳುತ್ತೇನೆ ಅಂದಿದ್ದಾರೆ. ಇದು ನಮ್ಮ ಕಡೆಯ ಮಾತು.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ನಾವು ಅಂಟಿಸುತ್ತಿದ್ದ ವಿಮರ್ಶೆಗಳು ವಿಮರ್ಶೆಗಳೇ ಆಗಿರಲಿಲ್ಲ. 'ಸೂಪರ್, ಒಂದೇ ರಾತ್ರಿಯಲ್ಲಿ ಮುಗಿಸಿದೆ, ಐದಕ್ಕೆ ನಾಲ್ಕೂವರೆ ಸ್ಟಾರ್' ಎಂದು ಬರೆದರೆ ಅಜ್ಜಿಗೆ ಏನು ತಿಳಿಯಬೇಕು? ಪುಸ್ತಕದಲ್ಲಿ ಯಾರು ಯಾರಿಗೆ ಏನು ಮಾಡಿದರು, ಅದು ಸರಿಯೇ, ಓದಿದ ಮೇಲೆ ತಲೆಯಲ್ಲಿ ಏನು ಉಳಿಯಿತು, ಇದ್ಯಾವುದೂ ಅದರಲ್ಲಿ ಇರಲಿಲ್ಲ. ಮೊಬೈಲಿನಲ್ಲಿ ನೋಡಿದ್ದನ್ನೇ ಕನ್ನಡಕ್ಕಿಳಿಸಿದ ಚೀಟಿಗಳೂ ಇದ್ದವು. ಅಂಥವನ್ನು ತೆಗೆದರೆ ನಮಗೂ ಬೇಸರವಿಲ್ಲ.

ಆದರೆ ದೆವ್ವದ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಇಂದಿನ ಅಮ್ಮಂದಿರಲ್ಲಿ ಎಷ್ಟೋ ಜನ ತಮ್ಮ ಹರೆಯದಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'ವನ್ನು ದಿಂಬಿನ ಕೆಳಗಿಟ್ಟು ಓದಿದವರು. ತೆಲುಗಿನಿಂದ ಬಂದ ಆ ಕಾದಂಬರಿ ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಮೂಢನಂಬಿಕೆ ಬೆಳೆಸುತ್ತದೆ ಎಂಬ ಟೀಕೆ ಆಗಲೇ ಬಂದಿತ್ತು. ಮರಾಠಿ ಓದುವ ಮನೆಗಳಲ್ಲಿ ನಾರಾಯಣ ಧಾರಪ, ರತ್ನಾಕರ ಮತಕರಿ ಇದ್ದೇ ಇದ್ದರು. 2018ರ 'ತುಂಬಾಡ್' ಸಿನಿಮಾ ನೋಡಿ ನಿದ್ದೆಗೆಟ್ಟ ನಮ್ಮ ಹುಡುಗರಿಗೆ ಅದರ ಒಂದು ಎಳೆ ಧಾರಪರ ಕಥೆಯಿಂದ ಬಂದದ್ದು ಎಂದು ಹೇಳಿದ್ದು ಒಬ್ಬ ಕಾಕಾ. ಹಾಗಾಗಿ ನಾವು ಕೆಟ್ಟೆವು, ನೀವು ಕೆಟ್ಟಿರಲಿಲ್ಲ ಎಂಬ ವಾದ ನಿಲ್ಲುವುದಿಲ್ಲ.

ಇನ್ನು ಅಜ್ಜಿಯ ಭಯ. ಅದನ್ನು ನಗೆಯಾಡಿ ತಳ್ಳುವ ಹಾಗಿಲ್ಲ. ನಮ್ಮ ಸೀಮೆಯಲ್ಲಿ ಕರಣಿ, ಭಾನಾಮತಿ, ದೇವರ್ಷಿ ಎಂಬ ಮಾತುಗಳು ಪುಸ್ತಕದ ಮಾತುಗಳಲ್ಲ. ಮಿರಜದಿಂದ ಕಾಗವಾಡದ ದಾರಿ ಹಿಡಿದರೆ ಮ್ಹೈಸಾಳ ಸಿಗುತ್ತದೆ. 2022ರ ಜೂನ್ 20ರಂದು ಆ ಊರಿನಲ್ಲಿ ಒಂದೇ ಮನೆತನದ ಒಂಬತ್ತು ಜನ ಎರಡು ಮನೆಗಳಲ್ಲಿ ಸತ್ತು ಬಿದ್ದಿದ್ದರು. ಅವರಲ್ಲಿ ನಮ್ಮ ವಯಸ್ಸಿನವರೂ ಇದ್ದರು. ಸಾಲದ ಕಾಟಕ್ಕೆ ಎಲ್ಲರೂ ಒಟ್ಟಿಗೆ ಆತ್ಮಹತ್ಯೆ ಮಾಡಿಕೊಂಡರು ಎಂದು ಊರಿಗೆ ಊರೇ ನಂಬಿತು. ಹಾಗೆಂದು ಸೂಚಿಸುವ ಚೀಟಿಗಳೂ ಸಿಕ್ಕಿದ್ದವು. ಒಂದು ವಾರ ಕಳೆದ ಮೇಲೆ ಪೊಲೀಸರು ಬೇರೆಯೇ ಮಾತು ಹೇಳಿದರು. ಗುಪ್ತಧನ ತೆಗೆದುಕೊಡುತ್ತೇನೆಂದು ಆ ಮನೆಯವರಿಂದ ಹಣ ಪಡೆದಿದ್ದ ಮಾಂತ್ರಿಕನೇ ವಿಷ ಕೊಟ್ಟು ಕೊಂದ ಎಂಬ ಆರೋಪದ ಮೇಲೆ ಇಬ್ಬರನ್ನು ಬಂಧಿಸಿದರು. ಸತ್ತವರಲ್ಲಿ ಓದಿದವರಿದ್ದರು, ನೌಕರಿ ಇದ್ದವರಿದ್ದರು. ಅಂದರೆ ಡಿಗ್ರಿ ಇದ್ದರೆ ಇಂಥದ್ದಕ್ಕೆ ಬೀಳುವುದಿಲ್ಲ ಎಂದು ನಮ್ಮಂಥ ಬಿಎಸ್ಸಿಯವರು ಬೀಗುವಂತಿಲ್ಲ.

ಮಿರಜದಲ್ಲೇ ವೈದ್ಯಕೀಯ ಓದಿದ ಡಾ. ನರೇಂದ್ರ ದಾಭೋಲ್ಕರ್ 1989ರಲ್ಲಿ ಮಹಾರಾಷ್ಟ್ರ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಕಟ್ಟಿದರು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಅವರು ವರ್ಷಗಟ್ಟಲೆ ಕೇಳುತ್ತಿದ್ದ ಕಾನೂನು ಅವರು ಹೋದ ಮೇಲೆ ಅದೇ ವರ್ಷ ಬಂತು. ಕರ್ನಾಟಕದಲ್ಲಿ 2017ರಲ್ಲಿ ಬಂತು. ಮಹಾರಾಷ್ಟ್ರದಲ್ಲಿ ಕಾನೂನು ಬಂದು ಎಂಟು ವರ್ಷ ಕಳೆದ ಮೇಲೆ ಮ್ಹೈಸಾಳ ನಡೆಯಿತು.

ಇಷ್ಟೆಲ್ಲ ಯಾಕೆ ಹೇಳಿದೆವೆಂದರೆ, ಗುಪ್ತಧನದ ಮಾಂತ್ರಿಕ ಹೇಳುವುದೂ ಒಂದು ಥ್ರಿಲ್ಲರ್ ಕಥೆಯೇ. ಅದರಲ್ಲಿ ನಿಧಿ ಇದೆ, ಕಾವಲಿನ ಸರ್ಪ ಇದೆ, ಅಮಾವಾಸ್ಯೆ ಇದೆ, ಯಾರಿಗೂ ಹೇಳಬೇಡಿ ಎಂಬ ಷರತ್ತಿದೆ. ಕಾದಂಬರಿ ತನ್ನನ್ನು ಕಥೆ ಎಂದೇ ಹೇಳಿಕೊಳ್ಳುತ್ತದೆ, ಅವನು ತನ್ನದನ್ನು ನಿಜ ಎನ್ನುತ್ತಾನೆ. ಕಥೆಯನ್ನು ಕಥೆಯಾಗಿ ಓದಿ, ಇದರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ, ಯಾರಿಗೆ ಲಾಭ, ಸಾಕ್ಷಿ ಎಲ್ಲಿ ಎಂದು ಕೇಳಿ ರೂಢಿಯಾದ ಹುಡುಗಿ ಅವನ ಮುಂದೆ ಕೂತಾಗಲೂ ಅದನ್ನೇ ಕೇಳಿಯಾಳು. ಕೇಳಿಯೇ ಕೇಳುತ್ತಾಳೆ ಎಂದು ಭರವಸೆ ಕೊಡಲಾರೆವು. ಕೇಳುವ ರೂಢಿಯೇ ಇಲ್ಲದವಳಿಗೆ ಆ ದಾರಿಯೂ ಇಲ್ಲ.

ಈಗ ಆ ಕಿರುಚುವ ಮೆಟ್ಟಿಲಿಗೆ ಬರೋಣ. ಜೊನಾಥನ್ ಸ್ಟ್ರೌಡ್ 2013ರಲ್ಲಿ ಬರೆದದ್ದು, 'ಲಾಕ್‌ವುಡ್ ಅಂಡ್ ಕೋ' ಸರಣಿಯ ಮೊದಲನೆಯದು. ಇಂಗ್ಲೆಂಡಿನ ತುಂಬಾ ದೆವ್ವಗಳು ಎದ್ದಿವೆ, ಆದರೆ ಅವು ಮಕ್ಕಳಿಗಷ್ಟೇ ಕಾಣುತ್ತವೆ, ಕೇಳಿಸುತ್ತವೆ. ದೊಡ್ಡವರಿಗೆ ಆ ಶಕ್ತಿ ಹೋಗಿರುತ್ತದೆ. ಹಾಗಾಗಿ ಮಕ್ಕಳನ್ನೇ ಕೂಲಿಗಿಟ್ಟುಕೊಂಡು ರಾತ್ರಿ ದೆವ್ವ ಹಿಡಿಯಲು ಕಳಿಸುತ್ತಾರೆ. ಕಬ್ಬಿಣ, ಉಪ್ಪು, ಬೆಳ್ಳಿ, ಇವೇ ಆಯುಧ. (ನಮ್ಮೂರಲ್ಲಿ ತೊಟ್ಟಿಲಿಗೆ ಕಬ್ಬಿಣ ಇಡುವುದನ್ನು ನೋಡಿದವರಿಗೆ ನಗು ಬಂದೀತು, ಭೂಮಿ ದುಂಡಗಿದೆ.) ಕಥೆ ಹೇಳುವ ಲೂಸಿಯ ಮೊದಲ ಮೇಲ್ವಿಚಾರಕ ಹೆದರಿ ಹೊರಗೆ ನಿಂತು ಮಕ್ಕಳನ್ನು ಒಳಗೆ ಬಿಡುತ್ತಾನೆ, ಅವಳ ಗೆಳೆಯರು ಸಾಯುತ್ತಾರೆ, ವಿಚಾರಣೆಯಲ್ಲಿ ಅವನು ಪಾರಾಗುತ್ತಾನೆ. ಮುಂದೆ ದೆವ್ವವೊಂದರ ಬೆನ್ನು ಹತ್ತಿದರೆ ಸಿಗುವುದು ಬದುಕಿರುವ ಮನುಷ್ಯನೊಬ್ಬ ಮುಚ್ಚಿಟ್ಟ ಹಳೆಯ ಕೊಲೆ. ಹೆದರಿಸುವ ಪುಟಗಳಿವೆ, ನಿಜ. ಆದರೆ ಓದಿ ಮುಗಿಸಿದಾಗ ಸಿಟ್ಟು ಬರುವುದು ದೆವ್ವದ ಮೇಲಲ್ಲ, ಮಕ್ಕಳನ್ನು ಮುಂದೆ ತಳ್ಳಿ ಹಿಂದೆ ನಿಲ್ಲುವ ದೊಡ್ಡವರ ಮೇಲೆ. ಹುಡುಗಿಯ ಚೀಲಕ್ಕೆ ಆ ಪುಸ್ತಕ ವಾಪಸು ಹೋಗಲಿ ಎಂಬುದು ನಮ್ಮ ಅಭಿಪ್ರಾಯ.

ಎಲ್ಲ ಪುಸ್ತಕಕ್ಕೂ ಹೀಗೆ ಹೇಳುವುದಿಲ್ಲ. 'ಟ್ವೈಲೈಟ್' 2005ರದು, ಈಗಲೂ ನಮ್ಮ ಹುಡುಗಿಯರ ನಡುವೆ ಕೈಯಿಂದ ಕೈಗೆ ಹೋಗುತ್ತದೆ. ಅದರಲ್ಲಿ ನಮಗೆ ತೊಂದರೆ ಕೊಟ್ಟದ್ದು ರಕ್ತ ಕುಡಿಯುವ ವ್ಯಾಂಪೈರ್ ಅಲ್ಲ. ಅವನು ಹುಡುಗಿಗೆ ತಿಳಿಯದಂತೆ ರಾತ್ರಿ ಅವಳ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾ ಕೂರುತ್ತಾನೆ, ಪುಸ್ತಕ ಅದನ್ನು ಪ್ರೀತಿ ಎನ್ನುತ್ತದೆ. ಇದನ್ನು ಯಾವ ಅಜ್ಜಿಯೂ ಆಕ್ಷೇಪಿಸಲಿಲ್ಲ, ಏಕೆಂದರೆ ಹೆಸರಿನಲ್ಲಿ ದೆವ್ವವಿಲ್ಲ.

ನಮ್ಮಲ್ಲಿ ದೊಡ್ಡ ಜಗಳ ತಂದದ್ದು ಹಾಲಿ ಜ್ಯಾಕ್ಸನ್. 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' 2019ರಲ್ಲಿ ಬಂತು. ಊರಿನಲ್ಲಿ ಹುಡುಗಿಯೊಬ್ಬಳ ಕೊಲೆಯಾಗಿದೆ. ಸಾಲ್ ಸಿಂಗ್ ಎಂಬ ಭಾರತೀಯ ಮೂಲದ ಹುಡುಗ ಕೊಂದು ಆತ್ಮಹತ್ಯೆ ಮಾಡಿಕೊಂಡ ಎಂದು ಎಲ್ಲರೂ ನಂಬಿ ಐದು ವರ್ಷವಾಗಿದೆ. ಪಿಪ್ ಎಂಬ ಹುಡುಗಿ ಶಾಲೆಯ ಪ್ರಾಜೆಕ್ಟ್ ನೆಪದಲ್ಲಿ ಎಲ್ಲವನ್ನೂ ಮತ್ತೆ ಕೆದಕುತ್ತಾಳೆ. ಆತ್ಮಹತ್ಯೆ ಎಂದು ಊರು ಒಪ್ಪಿಕೊಂಡದ್ದು ಬೇರೆ ಏನೋ ಆಗಿರಬಹುದು ಎಂಬ ಮಾತು ಓದುವಾಗ ಮ್ಹೈಸಾಳ ನೆನಪಾಗದವರು ನಮ್ಮ ಗುಂಪಿನಲ್ಲಿ ಯಾರೂ ಇರಲಿಲ್ಲ.

ಜಗಳ ಮೂರನೆಯ ಪುಸ್ತಕದ ಬಗ್ಗೆ, 2021ರ 'ಆಸ್ ಗುಡ್ ಆಸ್ ಡೆಡ್'. ಓದದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ನಿರಪರಾಧಿಯ ಹೆಸರು ತೊಳೆಯಲು ಹೊರಟ ಅದೇ ಪಿಪ್ ಇಲ್ಲಿ ತಾನೇ ಒಬ್ಬನನ್ನು ಕೊಲ್ಲುತ್ತಾಳೆ, ಆ ಕೊಲೆಯನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತಾಳೆ. ಆ ಇನ್ನೊಬ್ಬ ಒಳ್ಳೆಯವನೇನಲ್ಲ, ಹುಡುಗಿಯರ ಮೇಲೆ ಅತ್ಯಾಚಾರ ಮಾಡಿ ನ್ಯಾಯಾಲಯದಿಂದ ಬಿಡುಗಡೆಯಾದವನು. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು 'ಸರಿಯಾಯ್ತು' ಅಂದರು. "ಕೋರ್ಟ್ ಬಿಟ್ರ ಮತ್ತ ಯಾರ ಹಿಡೀಬೇಕಣ್ಣಾ?" ಎಂದು ಒಬ್ಬಳು ಕೇಳಿದಾಗ ಹುಡುಗರು ಸುಮ್ಮನಾದರು. ಸುಮ್ಮನಾಗಬೇಕಾದ ಪ್ರಶ್ನೆಯೇ ಅದು. ಆದರೂ ನಮ್ಮ ವಿಮರ್ಶೆಯಲ್ಲಿ ನಾವು ಬರೆದದ್ದು ಹೀಗೆ: ಎಂಟನೆಯ ಆಜ್ಞೆ ಸುಳ್ಳುಸಾಕ್ಷಿ ಬೇಡ ಎನ್ನುವಾಗ ಕೆಟ್ಟವನ ವಿರುದ್ಧವಾದರೆ ಪರವಾಗಿಲ್ಲ ಎಂದು ಸೇರಿಸಿಲ್ಲ, ಮೊದಲ ಪುಸ್ತಕದಲ್ಲಿ ಸಾಲ್‌ಗೆ ಆದದ್ದು ಅನ್ಯಾಯವಾದರೆ ಇದೂ ಅನ್ಯಾಯವೇ. ಆ ಹುಡುಗಿ ಅದರ ಕೆಳಗೆ ತನ್ನ ಭಿನ್ನಾಭಿಪ್ರಾಯ ಬರೆದು ಅಂಟಿಸಿದಳು. ಎರಡೂ ಚೀಟಿ ಬೋರ್ಡಿನ ಮೇಲೆ ಅಕ್ಕಪಕ್ಕ ಇವೆ. ಧರ್ಮೋಪದೇಶದ ಎಷ್ಟು ತರಗತಿಗಳಲ್ಲಿ ಎಂಟನೆಯ ಆಜ್ಞೆಯ ಮೇಲೆ ಅಷ್ಟು ಹೊತ್ತು ಮಾತಾಗಿದೆ, ನೀವೇ ಹೇಳಿ.

ಪತ್ತೇದಾರಿ ಕಥೆ ಬೈಬಲಿಗೆ ದೂರದ್ದು ಎನ್ನುವವರು ಕಥೋಲಿಕ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13 ಮತ್ತು 14ನೇ ಅಧ್ಯಾಯ ಓದಬೇಕು. ಸುಸನ್ನಳ ಮೇಲೆ ಇಬ್ಬರು ಹಿರಿಯರು ಸುಳ್ಳು ಆರೋಪ ಹೊರಿಸಿದಾಗ ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಯಾವ ಮರದ ಕೆಳಗೆ ಕಂಡಿರಿ ಎಂದು ಕೇಳುತ್ತಾನೆ. ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಮುಂದಿನ ಅಧ್ಯಾಯದಲ್ಲಿ ಬೇಲ್ ದೇವರ ಗುಡಿ. ದೇವರೇ ರಾತ್ರಿ ಬಂದು ನೈವೇದ್ಯ ತಿನ್ನುತ್ತಾನೆ ಎಂದು ರಾಜ ನಂಬಿದ್ದಾನೆ. ದಾನಿಯೇಲ ನೆಲದ ಮೇಲೆ ಬೂದಿ ಉದುರಿಸಿ ಬಾಗಿಲು ಮುದ್ರೆ ಹಾಕಿಸುತ್ತಾನೆ. ಬೆಳಿಗ್ಗೆ ನೋಡಿದರೆ ಬೂದಿಯ ಮೇಲೆ ಗಂಡಸರ, ಹೆಂಗಸರ, ಮಕ್ಕಳ ಹೆಜ್ಜೆಗುರುತು. ಎಪ್ಪತ್ತು ಪೂಜಾರಿಗಳು ಸಂಸಾರ ಸಮೇತ ಕಳ್ಳಬಾಗಿಲಿನಿಂದ ಬಂದು ಉಣ್ಣುತ್ತಿದ್ದರು. ಇದಕ್ಕಿಂತ ಒಳ್ಳೆಯ ಥ್ರಿಲ್ಲರ್ ನಮ್ಮ ಕಪಾಟಿನಲ್ಲಿಲ್ಲ.

ಲೂಕನ ಶುಭಸಂದೇಶದ ಕೊನೆಯ ಅಧ್ಯಾಯವನ್ನೂ ನೋಡಿ. ಪುನರುತ್ಥಾನರಾದ ಪ್ರಭುವನ್ನು ಕಂಡು ಶಿಷ್ಯರು ಭೂತವೆಂದು ಬೆದರುತ್ತಾರೆ. ಪ್ರಭು ಕೈಕಾಲು ತೋರಿಸಿ ಮುಟ್ಟಿ ನೋಡಿ ಎನ್ನುತ್ತಾರೆ, ಸುಟ್ಟ ಮೀನು ತೆಗೆದುಕೊಂಡು ಅವರ ಕಣ್ಣೆದುರೇ ತಿನ್ನುತ್ತಾರೆ. ಹೆದರಿದವರಿಗೆ ಪ್ರಭು ಸಾಕ್ಷಿ ಕೊಟ್ಟರು.

ಕೆಲವು ಹಿರಿಯರು ಇನ್ನೊಂದು ಮಾತು ಹೇಳಿದ್ದಾರೆ, ಅದರಲ್ಲಿ ತೂಕವಿದೆ. ಕಣಿ ಕೇಳುವುದು, ಸತ್ತವರನ್ನು ಕರೆಯುವುದು, ಮಾಟ ಮಾಡುವುದು, ಇವನ್ನು ಧರ್ಮಸಭೆ ಖಡಾಖಂಡಿತವಾಗಿ ನಿಷೇಧಿಸುತ್ತದೆ. ಕಥೋಲಿಕ ಧರ್ಮೋಪದೇಶ ಗ್ರಂಥದ 2116, 2117ನೇ ಪರಿಚ್ಛೇದಗಳಲ್ಲಿ ಸ್ಪಷ್ಟವಾಗಿದೆ. ಕಾದಂಬರಿ ಓದಿ ಮಕ್ಕಳು ಅದನ್ನು ಮಾಡಿ ನೋಡಿದರೆ? ಕಳೆದ ವರ್ಷ ಇಬ್ಬರು ಹುಡುಗರು ನಾಣ್ಯ ಇಟ್ಟು ಆತ್ಮ ಕರೆಯುವ ಆಟ ಆಡಿದ್ದು ನಮಗೆ ಗೊತ್ತು. ಅವರು ಅದನ್ನು ಕಲಿತದ್ದು ರೀಲ್ಸ್ ನೋಡಿ. ಇಬ್ಬರೂ ಒಂದು ಪುಸ್ತಕ ಪೂರ್ತಿ ಓದಿದವರಲ್ಲ. ಹಾಗಿದ್ದರೂ ಒಂದು ಇಂಗ್ಲಿಷ್ ಕಾದಂಬರಿಯನ್ನು ನಾವೇ ಕಪಾಟಿನಿಂದ ತೆಗೆದಿದ್ದೇವೆ. ಅದರಲ್ಲಿ ಆ ಆಟದ ವಿಧಾನ ಅಡುಗೆ ಪುಸ್ತಕದ ಹಾಗೆ ಬರೆದಿತ್ತು. ಇನ್ನೊಂದು ಓದಿ ಸಣ್ಣ ಹುಡುಗನೊಬ್ಬ ವಾರಗಟ್ಟಲೆ ದೀಪ ಆರಿಸಲು ಬಿಡಲಿಲ್ಲ ಎಂದು ಅವನ ತಾಯಿ ಹೇಳಿದರು. ಅವನ ವಯಸ್ಸಿಗೆ ಅದನ್ನು ಕೊಡಬಾರದಿತ್ತು. ಕೊಟ್ಟವರು ನಾವು.

ಜೊತೆಗೆ ನಮ್ಮ ಮನೆಯೊಳಗಿನ ಕಾದಂಬರಿಗಳನ್ನೂ ಒಮ್ಮೆ ಪರೀಕ್ಷಿಸಬೇಕಲ್ಲವೇ? ಈ ಪ್ರಾರ್ಥನೆಯನ್ನು ಹನ್ನೆರಡು ಜನರಿಗೆ ಕಳಿಸದಿದ್ದರೆ ಕೆಡುಕು ಕಾದಿದೆ ಎಂಬ ವಾಟ್ಸಾಪ್ ಸಂದೇಶವನ್ನು ಹೆದರಿ ಕಳಿಸುವವರು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ. ಕಪಾಟಿಗೆ ಬೀಗ ಹಾಕಿ ಎಂದವರಲ್ಲೂ ಒಬ್ಬರು ಇದ್ದಾರೆ.

ಕನ್ನಡದ ವಿಷಯ ಒಂದಿಷ್ಟು. ಈ ಪುಸ್ತಕಗಳೆಲ್ಲ ಇಂಗ್ಲಿಷಿನವು, ನಮ್ಮ ಮಕ್ಕಳ ಶಾಲೆ ಮರಾಠಿ ಇಲ್ಲವೇ ಇಂಗ್ಲಿಷ್, ಕನ್ನಡ ಉಳಿದಿರುವುದು ಅಡುಗೆಮನೆಯಲ್ಲಿ ಮತ್ತು ಪೂಜೆಯಲ್ಲಿ. ಅದಕ್ಕೇ ವಿಮರ್ಶೆ ಕನ್ನಡದಲ್ಲಿ ಎಂದು ಹಟ ಹಿಡಿದಿದ್ದೇವೆ. ತೇಜಸ್ವಿಯವರ 'ಜುಗಾರಿ ಕ್ರಾಸ್' ಇಟ್ಟಿದ್ದೇವೆ. ಏಲಕ್ಕಿ ಮಾರಿದ ದುಡ್ಡು ಹಿಡಿದು ಬರುವ ಯುವ ದಂಪತಿಯ ಕಥೆ, ಅದರಲ್ಲಿ ಹಳೆಯ ಕಾವ್ಯದೊಳಗೆ ಬಚ್ಚಿಟ್ಟ ರತ್ನದ ಗುಟ್ಟೂ ಇದೆ. ಜತ್ತ ಕಡೆಯ ಹುಡುಗನೊಬ್ಬ, ಕನ್ನಡ ಶಾಲೆಯಲ್ಲಿ ಓದಿದವನು, ಅದನ್ನು ಎರಡು ಭಾನುವಾರ ಜೋರಾಗಿ ಓದಿ ಹೇಳಿದ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ಕೂಡ ಇದೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮೆಕ್ಕೆಜೋಳದಂಥ ವಸ್ತುವಿನಿಂದ ಹುಟ್ಟುವ ಕಥೆ. ಅದರ ವಿಮರ್ಶೆ ಬರೆಯುವವರು ಇತಿಹಾಸ ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಬೇಕು ಎಂದು ಹೇಳಿದ್ದೇವೆ. ಇನ್ನೂ ಯಾರೂ ಬರೆದುಕೊಟ್ಟಿಲ್ಲ.

ಫಾದರ್ ಮುಂದೆ ನಾವು ಇಟ್ಟಿರುವ ಕೋರಿಕೆ ಇಷ್ಟೇ. ಕಪಾಟು ತೆರೆದಿರಲಿ. ಎಂಟನೇ ಇಯತ್ತೆಯ ಕೆಳಗಿನವರಿಗೆ ಪಾಲಕರನ್ನು ಕೇಳದೆ ಕೊಡುವುದಿಲ್ಲ. ಸ್ಟಾರ್ ಕೊಡುವುದು ನಿಲ್ಲಿಸುತ್ತೇವೆ. ಪ್ರತಿ ಚೀಟಿಯಲ್ಲೂ ಕಥೆಯಲ್ಲಿ ಭಯದಿಂದ ಲಾಭ ಯಾರಿಗಾಯಿತು ಎಂಬ ಒಂದು ಪ್ರಶ್ನೆಗೆ ಉತ್ತರ ಇರಬೇಕು.

ಕೀಲಿ ಸದ್ಯ ಫಾದರ್ ಹತ್ತಿರ ಇದೆ. ಕಿರುಚುವ ಮೆಟ್ಟಿಲು ಅಜ್ಜಿಯ ಹತ್ತಿರ ಇದೆ, ಅವರು ಮರಳಿಸಿಲ್ಲ. ಮೊನ್ನೆ ಮೊಮ್ಮಗನಿಂದ ಮೊದಲ ಕೆಲವು ಅಧ್ಯಾಯ ಕನ್ನಡದಲ್ಲಿ ಹೇಳಿಸಿಕೊಂಡರಂತೆ. ಆ ಮೇಲ್ವಿಚಾರಕನ ಭಾಗ ಬಂದಾಗ ಏನಂದರು ಎಂದು ಅವನನ್ನು ಕೇಳಿದೆವು. ಅಜ್ಜಿ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ, ಆದರೆ ಮುಂದಿನ ಅಧ್ಯಾಯ ಯಾವಾಗ ಎಂದು ಕೇಳಿದ್ದಾರೆ.