ನಿಷೇಧ ಆಕೆಗೆ, ಜೈಕಾರ ಆತನಿಗೆ

ಗಂಡನ ಕಳ್ಳಾಟ ಬಯಲಾಗಿ, ಹೆಂಡತಿಯೂ ಆ ಇನ್ನೊಬ್ಬಳೂ ಗೆಳತಿಯರಾಗುವ ಕಥೆಯನ್ನು ತಮಾಷೆಯಾಗಿ ತೆರೆಗೆ ತಂದರೆ ಸಂಸಾರಗಳು ಒಡೆಯುತ್ತವಂತೆ! ಹೀಗೆ ಬೊಬ್ಬೆ ಹಾಕುವವರು 2011ರ ಸೆಪ್ಟೆಂಬರಿನಲ್ಲಿ ಎಲ್ಲಿದ್ದರು? ಪತ್ನಿಯ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ನಟ ದರ್ಶನ್ ಜೈಲು ಸೇರಿದರು. ನಿರ್ಮಾಪಕರ ಸಂಘ 3 ವರ್ಷ ನಿಷೇಧ ಹೇರಿದ್ದು ಮಾತ್ರ ನಟಿ ನಿಖಿತಾ ಮೇಲೆ. ದರ್ಶನ್ ಜೊತೆಗಿನ ಸಂಬಂಧದ ಆರೋಪವನ್ನು ಆಕೆ ಅಲ್ಲಗಳೆದರೂ ಕೇಳಲಿಲ್ಲ. ನಾಲ್ಕೂ ಕಡೆಯಿಂದ ಛೀಮಾರಿ ಬಿದ್ದ ಮೇಲೆ ನಿಷೇಧ ಹಿಂತೆಗೆದುಕೊಂಡರು. ಅದೇ ಸೆಪ್ಟೆಂಬರ್ 30ಕ್ಕೆ ತೆರೆಕಂಡ 'ಸಾರಥಿ', ನಾಯಕ ಜೈಲಿನಲ್ಲಿದ್ದರೂ ಭರ್ಜರಿಯಾಗಿ ಓಡಿತು. ನಿಷೇಧ ಆಕೆಗೆ, ಜೈಕಾರ ಆತನಿಗೆ. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ನಮ್ಮ ಪಾಪಿನಾಯಕನಹಳ್ಳಿಯ ಕಟ್ಟೆಯ ಮೇಲೂ ಇದೇ ನ್ಯಾಯ. ಗಂಡ ದಾರಿ ತಪ್ಪಿದ ಸುದ್ದಿ ಬಂದರೆ, "ಗಂಡಸು ಅಂದಮೇಲೆ ಇದ್ದಿದ್ದೇ ಬಿಡವ್ವ" ಎಂದು ಅವನ ಲೆಕ್ಕ ಚುಕ್ತಾ. "ಆಕಿನೇ ಮರುಳು ಮಾಡ್ಯಾಳ" ಎಂದು ಇನ್ನೊಬ್ಬಳಿಗೆ ಬೈಗುಳ. ಅದಿರು ಲಾರಿಗಳ ಕೆಂಪು ಧೂಳು ಕೂತ ಬಟ್ಟೆಯನ್ನು ಜಾಡಿಸಿ ಮಡಚುತ್ತಿರುವ ಹೆಂಡತಿಗೂ ಬಿಡುಗಡೆಯಿಲ್ಲ: "ನೀನು ಸರಿಯಾಗಿ ನೋಡ್ಕಂಡಿದ್ರೆ ಅವ್ನ್ಯಾಕೆ ಹೋಗ್ತಿದ್ದ?" ತಪ್ಪು ಮಾಡಿದವನು ಒಬ್ಬ, ಉತ್ತರ ಕೊಡಬೇಕಾದವರು ಇಬ್ಬರು ಹೆಂಗಸರು.

ಕಾನೂನೂ ಹಾಗೇ ಇತ್ತು. ದಂಡಸಂಹಿತೆಯ 497ನೇ ಕಲಮಿನಡಿ ಹೆಂಡತಿಯ ಜೊತೆ ಹೋದ ಪರಪುರುಷನ ಮೇಲೆ ಗಂಡ ದೂರು ಕೊಡಬಹುದಿತ್ತು. ಗಂಡನೇ ಬೇರೊಬ್ಬಳ ಜೊತೆ ಹೋದರೆ ಹೆಂಡತಿಗೆ ಆ ಹಕ್ಕಿರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದಾಗಲೂ ಈ ಸಂಸ್ಕೃತಿ ರಕ್ಷಕರು ಎದೆ ಬಡಿದುಕೊಂಡರು.

ನಗುವುದಕ್ಕೆ ಇವರ ಅಡ್ಡಿಯೇನಿಲ್ಲ. 2005ರಲ್ಲಿ ರಮೇಶ್ ಅರವಿಂದ್ ನಿರ್ದೇಶಿಸಿದ 'ರಾಮ ಶಾಮ ಭಾಮ' ನೋಡಿ ಮನೆಮಂದಿಯೆಲ್ಲ ನಕ್ಕಿದ್ದೇವೆ. ಅಲ್ಲಿ ದಾರಿ ತಪ್ಪಿದ ಗಂಡ ಮನೆಗೆ ಮರಳುತ್ತಾನೆ, ಶುಭಂ. 2014ರ ಹಾಲಿವುಡ್ ಚಿತ್ರ 'ದಿ ಅದರ್ ವುಮನ್'ನಲ್ಲಿ ಹೆಂಡತಿಯೂ ಅವನು ನಂಬಿಸಿದ ಇಬ್ಬರು ಹೆಂಗಸರೂ ಒಂದಾಗಿ ಅವನನ್ನೇ ವಿಚಾರಿಸಿಕೊಳ್ಳುತ್ತಾರೆ. ಇವರಿಗೆ ಉರಿಯುವುದು ಇಲ್ಲೇ. ಹೆಂಗಸರು ಜುಟ್ಟು ಹಿಡಿದು ಕಿತ್ತಾಡುತ್ತಿದ್ದರೆ ಗಂಡಸು ಕ್ಷೇಮ. ಕೂತು ಮಾತಾಡಿಕೊಂಡರೆ ಅವನ ಸುಳ್ಳು ಉಳಿಯುವುದಿಲ್ಲ.

ಅಭಿಮಾನದ ಅಮಲು ಬೇರೆ. 2022ರ ಡಿಸೆಂಬರಿನಲ್ಲಿ ನಮ್ಮ ಹೊಸಪೇಟೆಯಲ್ಲಿ 'ಕ್ರಾಂತಿ' ಚಿತ್ರದ ಹಾಡಿನ ಬಿಡುಗಡೆಗೆ ಬಂದ ದರ್ಶನ್ ಮೇಲೆ ಚಪ್ಪಲಿ ತೂರಿದರು. ಅದು ಹೇಯ ಕೆಲಸ, ಖಂಡಿಸಿದ್ದು ಸರಿ. ಆದರೆ ಚಪ್ಪಲಿ ಯಾವ ನಟನ ಅಭಿಮಾನಿಯದು ಎಂದು ರಾಜ್ಯವೆಲ್ಲ ಜಗಳಾಡಿತು. ಅದಕ್ಕೂ ಮೊದಲು ಅದೃಷ್ಟ ದೇವತೆಯ ಹೆಸರಿನಲ್ಲಿ ದರ್ಶನ್ ಆಡಿದ ಮಾತು ಹೆಣ್ಣಿಗೆ ಎಂಥ ಅವಮಾನ ಎಂದು ಅಷ್ಟೇ ಗಟ್ಟಿಯಾಗಿ ಕೇಳಿದವರು ಎಷ್ಟು ಜನ?

ನಿರ್ಮಾಪಕರೇ, ಇವರ ಬೊಬ್ಬೆಗೆ ಹೆದರಬೇಡಿ. ಇಬ್ಬರು ಹೆಂಗಸರು ಒಂದೇ ಚಾಪೆಯ ಮೇಲೆ ಕೂತು ಆ ಗಂಡಸನ್ನು ಎದುರಿಗೆ ನಿಲ್ಲಿಸಿ ಲೆಕ್ಕ ಕೇಳುವ ಒಂದು ಕನ್ನಡ ಸಿನಿಮಾ ಮಾಡಿ. ಹೊಸಪೇಟೆಯ ಟಾಕೀಸಿಗೆ ನಾವು ಹೆಂಗಸರು ಬಸ್ಸು ಹತ್ತಿ, ಟಿಕೆಟ್ ಕೊಂಡು ಬರುತ್ತೇವೆ.